ಸೀರಿಯಲ್ ಮನೆಗಳು ದೊಡ್ಡದಾದ್ವು, ನಗು ಹೊರಗೇ ಉಳೀತು

ಕನ್ನಡ ಟಿವಿಯಲ್ಲಿ ನಗು ಯಾಕೆ ಕಮ್ಮಿ ಆಯ್ತು ಅನ್ನೋದಕ್ಕೆ ಜನ ಏನೇನೋ ಕಾರಣ ಹೇಳ್ತಾರೆ, ಬರೆಯೋರೇ ಇಲ್ಲ ಅಂತಾರೆ, ಹೆಂಗಸರಿಗೆ ಅಳೋದೇ ಇಷ್ಟ ಅಂತಾರೆ (ಇದನ್ನ ಹೇಳೋರು ನಮ್ಮನೆ ಹೆಂಗಸರನ್ನ ನೋಡಿಲ್ಲ), ಎಲ್ಲರ ಕೈಗೂ ಮೊಬೈಲ್ ಬಂತು ಅಂತಾರೆ. ನನ್ನ ಪ್ರಕಾರ ಕಾರಣ ಒಂದೇ, ಸೀರಿಯಲ್ ಮನೆಗಳು ವಿಪರೀತ ದೊಡ್ಡದಾಗಿಬಿಟ್ವು. ಇದನ್ನ ನಾನು ರಾತ್ರಿ ಊಟದ ಹೊತ್ತಲ್ಲಿ ಹೇಳಿ ಹೇಳಿ ನಮ್ಮ ಅತ್ತಿಗೆ "ಅದೆಲ್ಲ ಎಲ್ಲಾದ್ರೂ ಬರೆದು ಹಾಕು ಮಾರಾಯ, ನನ್ನ ಸೀರಿಯಲ್ ಟೈಮಲ್ಲಿ ಮಾತಾಡ್ಬೇಡ" ಅಂದ್ರು, ಅದಕ್ಕೇ ಬರೀತಿದೀನಿ.

ಸಂಜೆ ಆರೂವರೆಯಿಂದ ರಾತ್ರಿ ಹತ್ತರ ತನಕ ಯಾವ ಚಾನೆಲ್ ಬೇಕಾದ್ರೂ ಹಾಕಿ ನೋಡಿ, ಒಂದು ಹಾಲ್ ಬಂದೇ ಬರುತ್ತೆ. ಎರಡು ಕಡೆಯಿಂದ ಮೆಟ್ಟಿಲು, ಮೇಲೆ ಗಾಜಿನ ದೊಡ್ಡ ದೀಪ, ಚಿನ್ನದ ಬಣ್ಣ ಬಳಿದ ಕಂಬಗಳು, ನಡುವೆ ಒಂದು ಸೋಫಾ, ಆ ಸೋಫಾ ಮೇಲೆ ಮಾತ್ರ ಯಾರೂ ಕೂರೋ ಹಾಗಿಲ್ಲ. ಮನೆ ಮಂದಿಯೆಲ್ಲ ಅರ್ಧ ವೃತ್ತದಲ್ಲಿ ನಿಂತಿರ್ತಾರೆ, ಯಾರೋ ಒಬ್ಬರು "ಏನು?" ಅಂದ್ರೆ ಸಾಕು, ಕ್ಯಾಮೆರಾ ಅಷ್ಟೂ ಮುಖಗಳ ಹತ್ರ ಹೋಗಿ ಢಂ ಅಂತ ಸೌಂಡ್ ಮಾಡಿ ವಾಪಸ್ ಬರ್ಬೇಕು, ಅಷ್ಟರಲ್ಲಿ ಆ ಪ್ರಶ್ನೆ ಕೇಳಿದವರಿಗೇ ತಾನು ಏನು ಕೇಳಿದ್ದು ಅಂತ ಮರೆತಿರ್ಬೇಕು. ಆ ಮನೇಲಿ ರಾತ್ರಿ ಮಲಗೋವಾಗ್ಲೂ ರೇಷ್ಮೆ ಸೀರೆ. ಹಾಲು ಒಡೆದ್ರೆ ಅದು ಅಪಶಕುನಕ್ಕೇ ಒಡೆಯುತ್ತೆ, ಏಪ್ರಿಲ್ ಬಿಸಿಲಿಗೆ ಯಾವತ್ತೂ ಒಡೆಯಲ್ಲ. ಕರೆಂಟ್ ಹೋದ್ರೆ ಅದು ಯಾರೋ ಫ್ಯೂಸ್ ಕಿತ್ತಿದ್ದಕ್ಕೆ, ಲೋಡ್ ಶೆಡ್ಡಿಂಗ್ ಆ ರಸ್ತೆಗೆ ಇಲ್ವೇ ಇಲ್ಲ. ಸಿಲಿಂಡರ್ ಖಾಲಿ ಆಗಲ್ಲ, ಬಟ್ಟೆ ಒಣ ಹಾಕಿದ ಹಗ್ಗ ಕಾಣಲ್ಲ, "ಬಾತ್‌ರೂಮಲ್ಲಿ ಯಾರಿದೀರಾ, ಬೇಗ ಬನ್ನಿ" ಅಂತ ಬಾಗಿಲು ತಟ್ಟೋರಿಲ್ಲ. ಇನ್ನೂ ಒಂದು ವಿಷ್ಯ ಗಮನಿಸಿ, ಆ ಮನೇಲಿ ಟಿವಿ ನೋಡೋ ಒಬ್ಬ ಮನುಷ್ಯ ಇರಲ್ಲ. ಕರ್ನಾಟಕದಲ್ಲಿ ಸಂಜೆ ಏಳು ಗಂಟೆಗೆ ಸೀರಿಯಲ್ ನೋಡದೆ ಇರೋ ಅಷ್ಟು ದೊಡ್ಡ ಕುಟುಂಬ ಎಲ್ಲಿದೆಯಪ್ಪ?

ನಗು ಹುಟ್ಟೋದು ಇಂಥ ರಗಳೆಗಳಿಂದಾನೇ. ಇರೋದು ಒಂದು ನಲ್ಲಿ, ನೀರು ಬರೋದು ಒಂದು ಗಂಟೆ, ಬೇಕಾಗಿರೋದು ಆರು ಮನೆಗೆ, ಅಲ್ಲಿ ತಮಾಷೆನ ಯಾರೂ ಬರೆಯೋದೇ ಬೇಕಾಗಿಲ್ಲ.

'ಗಣೇಶನ ಮದುವೆ' ನೋಡಿದೋರಿಗೆ ನಾನು ಹೇಳ್ತಿರೋದು ತಕ್ಷಣ ಗೊತ್ತಾಗುತ್ತೆ. 1990ರ ಸಿನಿಮಾ, ಫಣಿ ರಾಮಚಂದ್ರ ನಿರ್ದೇಶನ, ಇವತ್ತಿಗೂ ಯಾವ್ದಾದ್ರೂ ಚಾನೆಲಲ್ಲಿ ಬಂದ್ರೆ ನಮ್ಮನೇಲಿ ರಿಮೋಟ್ ಯಾರೂ ಮುಟ್ಟಲ್ಲ. ಒಂದು ವಠಾರ, ಅದಕ್ಕೊಬ್ಬ ಓನರ್ ರಮಣಮೂರ್ತಿ, ಅಂದ್ರೆ ನಮ್ಮ ಮುಖ್ಯಮಂತ್ರಿ ಚಂದ್ರು, ಅವರ ತಲೆ ತಿನ್ನೋಕೆ ಬಾಡಿಗೆದಾರ ವೈ.ಜಿ. ರಾವ್, ಅಂದ್ರೆ ಅನಂತ್ ನಾಗ್. ಓನರ್ ಮಗಳು ಆದಿಲಕ್ಷ್ಮಿ ವಿನಯಾ ಪ್ರಸಾದ್. ರಾವ್‌ಗೆ ಶ್ರುತಿ ಅನ್ನೋ ಹಾಡುಗಾರ್ತಿ ಮೇಲೆ ಪ್ರೀತಿ, ಮುಖ ನೋಡಿಲ್ಲ, ಕಾಗದ ಬರೀತಾನೆ, ಆ ಶ್ರುತಿ ಬೇರೆ ಯಾರೂ ಅಲ್ಲ ದಿನಬೆಳಗಾದ್ರೆ ಜಗಳ ಆಡೋ ಆದಿಲಕ್ಷ್ಮೀನೇ, ಇವನಿಗೂ ಗೊತ್ತಿಲ್ಲ ಅವಳಿಗೂ ಗೊತ್ತಿಲ್ಲ, ನೋಡ್ತಾ ಕೂತ ನಮಗೆ ಮಾತ್ರ ಗೊತ್ತು. ಕಾಗದ ಊರೆಲ್ಲ ಸುತ್ಕೊಂಡು ಅದೇ ಕಾಂಪೌಂಡ್ ಒಳಗೆ ಬಂದು ಬೀಳುತ್ತಲ್ಲ, ಇಡೀ ಕಥೆಯ ಮಜಾ ಅಲ್ಲೇ ಇರೋದು. ಇದೇ ಕಥೆನ ಎರಡು ಬಂಗ್ಲೆಗೆ ಹಾಕಿ ನೋಡಿ, ಇಬ್ರೂ ಒಬ್ಬರನ್ನೊಬ್ಬರು ನೋಡೋ ಪ್ರಸಂಗವೇ ಬರಲ್ಲ, ಜಗಳಕ್ಕೆ ವಿಷಯಾನೇ ಇರಲ್ಲ, ವಾಚ್‌ಮ್ಯಾನ್ ಕಾಗದ ತಗೊಂಡು ಟೇಬಲ್ ಮೇಲಿಟ್ಟು ಹೋಗ್ತಾನೆ, ಕಥೆ ಮುಗೀತು.

ಚಂದ್ರು ಅಂದಾಗ ನೆನಪಾಯ್ತು, ನಮ್ಮಲ್ಲಿ ಚಂದ್ರುಗಳಿಗೆಲ್ಲ ಅವರ ಕೆಲಸವೇ ಹೆಸರು ಕೊಟ್ಟಿದೆ. 'ಮುಖ್ಯಮಂತ್ರಿ' ನಾಟಕ ಮಾಡಿ ಮಾಡಿ ಒಬ್ಬರು ಮುಖ್ಯಮಂತ್ರಿ ಚಂದ್ರು ಆದ್ರು, ದೂರದರ್ಶನದಲ್ಲಿ 'ಸಿಹಿಕಹಿ' ಧಾರಾವಾಹಿ ಮಾಡಿ ಇನ್ನೊಬ್ಬರು ಸಿಹಿಕಹಿ ಚಂದ್ರು ಆದ್ರು. ಇವತ್ತಿನ ಸೀರಿಯಲ್‌ಗಳಲ್ಲೂ ಎಷ್ಟೋ ಒಳ್ಳೆ ನಟರಿದ್ದಾರೆ, ಜನ ಅವರನ್ನ ಪಾತ್ರದ ಹೆಸರಿಂದಾನೂ ಕರೀತಾರೆ, ಆದ್ರೆ ಆ ಹೆಸರು ಹೇಳ್ತಿದ್ದ ಹಾಗೆ ಮುಖದಲ್ಲಿ ನಗು ಬರೋದು ಅಂತ ಒಂದಿದ್ಯಲ್ಲ, ಅದು ಈಗ ಅಪರೂಪ.

ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಕದ್ದು ಕೇಳೋದು. ಸೀರಿಯಲ್‌ನಲ್ಲಿ ಕದ್ದು ಕೇಳದೆ ಒಂದು ವಾರ ದಾಟಲ್ಲ. ಬಂಗ್ಲೆಯಲ್ಲಿ ಕದ್ದು ಕೇಳ್ಬೇಕು ಅಂದ್ರೆ ಪಾಪ ಆ ವಿಲನ್ ಹೆಂಗಸು ಕಂಬದ ಹಿಂದೆ ನಿಲ್ಬೇಕು, ಕರ್ಟನ್ ಹಿಡ್ಕೋಬೇಕು, ಹುಬ್ಬು ಏರಿಸ್ಬೇಕು, ಕೇಳಿಸ್ಕೊಂಡಿದ್ದನ್ನೆಲ್ಲ ಮತ್ತೆ ತನ್ನ ಮನಸ್ಸಿನ ದನಿಯಲ್ಲಿ ನಮಗೆ ಹೇಳ್ಬೇಕು, ಯಾಕಂದ್ರೆ ಜಾಗ ಅಷ್ಟು ದೊಡ್ಡದು. ವಠಾರದಲ್ಲಿ ಇದ್ಯಾವ ಕಷ್ಟವೂ ಇಲ್ಲ, ಪಕ್ಕದ ಮನೆ ಮಾತು ಗೋಡೆ ದಾಟಿ ಬಂದು ನಮ್ಮ ಸಾರಿನ ತಟ್ಟೆಗೇ ಬೀಳುತ್ತೆ, ಬೇಡ ಅಂದ್ರೂ ಕೇಳುತ್ತೆ, ಕೇಳಿಸ್ಕೊಂಡವರು ಅಲ್ಲಿಂದಲೇ "ಅದು ಹಂಗಲ್ಲ ರೀ" ಅಂತ ತಿದ್ದೂ ತಿದ್ತಾರೆ. ಮಾಡೋ ಕೆಲಸ ಅದೇ, ದೊಡ್ಡ ಮನೇಲಿ ಸಂಚು ಅನ್ನಿಸ್ಕೊಳ್ಳುತ್ತೆ, ಚಿಕ್ಕ ಮನೇಲಿ ಕಾಮಿಡಿ ಆಗುತ್ತೆ. ನನಗೆ ಇದು ಹೊಳೆದಾಗ ಆದ ಖುಷಿ ಅಷ್ಟಿಷ್ಟಲ್ಲ.

ಗುಟ್ಟಿನ ಕಥೇನೂ ಅಷ್ಟೇ. ನೂರಾರು ಎಪಿಸೋಡ್ ತನಕ ಒಬ್ಬಳು ತನ್ನ ಗಂಡಂಗೆ ಹೇಳದೆ ಇರೋ ಗುಟ್ಟು ಅಂತ ಒಂದಿರುತ್ತೆ, ಇಬ್ರೂ ಒಂದೇ ಮನೇಲಿ ಇರ್ತಾರೆ, ಹೇಳೋಕೆ ಹೊರಟಾಗೆಲ್ಲ ಫೋನ್ ಬರುತ್ತೆ, ಇಲ್ಲ ಅಂದ್ರೆ ತಲೆ ಸುತ್ತುತ್ತೆ, ಇಲ್ಲ ಅಂದ್ರೆ ಹಿರಿಯರೊಬ್ಬರು "ಅಮ್ಮಾ ಒಂದ್ನಿಮಿಷ ಬಾ" ಅಂತಾರೆ. ವಠಾರದಲ್ಲಿ ಬೆಳಿಗ್ಗೆ ಶುರುವಾದ ಗುಟ್ಟು ಸಂಜೆ ಹೂವಿನೋಳು ಬರೋ ಹೊತ್ತಿಗೆ ಆರೂ ಮನೆಗೆ ಗೊತ್ತಿರುತ್ತೆ, ಗುಟ್ಟು ಇಟ್ಕೊಂಡವನಿಗೆ ಮಾತ್ರ ಅದು ಎಲ್ರಿಗೂ ಗೊತ್ತು ಅನ್ನೋದು ಗೊತ್ತಿರಲ್ಲ. ಅದನ್ನ ನೋಡೋದು ಎಷ್ಟು ಚೆನ್ನಾಗಿರುತ್ತೆ!

ಇದು ಟಿವಿಯಲ್ಲಿ ನಡೀತಾನೇ ಇರ್ಲಿಲ್ಲ ಅಂತ ಅಲ್ಲ, ನಡೀತಿತ್ತು, ನಮ್ಮ ಕಣ್ಣ ಮುಂದೇನೇ ನಡೀತಿತ್ತು. ಫಣಿ ರಾಮಚಂದ್ರ ಅವರೇ ಉದಯ ಟಿವಿಗೆ 'ದಂಡಪಿಂಡಗಳು' ಮಾಡಿದ್ರು, ಕೆಲಸ ಇಲ್ಲದ ಹುಡುಗರ ಕಥೆ, ಕೈಲಿ ದುಡ್ಡಿಲ್ಲದ ಕಥೆ. ಆಮೇಲೆ 2000ದ ಕೊನೆಗೆ ಈಟಿವಿ ಕನ್ನಡ ಬಂತು, ಆ ಚಾನೆಲ್‌ನಲ್ಲಿ ಸಿಹಿಕಹಿ ಚಂದ್ರು ನಿರ್ದೇಶನದ 'ಪಾಪ ಪಾಂಡು', ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ'. ಪಾಂಡು ಆಗಿ ಚಿದಾನಂದ್, ಅವನ ಹೆಂಡ್ತಿ ಪಾಚು ಆಗಿ ಶಾಲಿನಿ, ಅವರ ಮನೆ ಹಾಲ್ ನಮ್ಮನೆ ಹಾಲ್‌ನಷ್ಟೇ ಇತ್ತು ಅನ್ನೋದು ನನಗೆ ಇವತ್ತಿಗೂ ಮುಖ್ಯ ಅನ್ಸುತ್ತೆ. ಪಾಚು ಏಟು ಬೀಸಿದ್ರೆ ಪಾಂಡುಗೆ ಓಡೋಕೆ ಜಾಗ ಇರ್ಲಿಲ್ಲ, ಓಡಿದ್ರೆ ಪಕ್ಕದ ಮನೆಗೇ ಓಡ್ಬೇಕು, ಅಲ್ಲಿ ಇನ್ನೊಂದು ಎಡವಟ್ಟು ಕಾದಿರೋದು. ಅದೇ ಪಾಂಡು ಎರಡು ಮೆಟ್ಟಿಲಿನ ಬಂಗ್ಲೆಯಲ್ಲಿದ್ದಿದ್ರೆ ಮೇಲೆ ಹೋಗಿ ರೂಮಿನ ಬಾಗಿಲು ಹಾಕ್ಕೊಂಡು ಗೋಡೆ ಮೇಲಿರೋ ಫೋಟೋ ನೋಡ್ಕೊಂಡು ಕಣ್ಣೀರು ಹಾಕ್ತಿದ್ದ, ಹಿಂದೆ ಒಂದು ಶೋಕದ ಹಾಡು ಬರ್ತಿತ್ತು, ನಾವು ಒಬ್ಬ ಒಳ್ಳೆ ಪಾಂಡುನ ಕಳ್ಕೊಳ್ತಿದ್ವಿ.

'ಸಿಲ್ಲಿ ಲಲ್ಲಿ' ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ರವಿಶಂಕರ್ ಗೌಡ ಅವರ ಡಾಕ್ಟರ್ ವಿಠಲ್ ರಾವ್, ಆ ಸಮಾಜ ಸೇವಕಿ ಲಲಿತಾಂಬ, ಅವರು ಒಳಗೆ ಬಂದ ಕೂಡ್ಲೇ ನಮ್ಮಜ್ಜಿ "ಬಂದ್ಲು ನೋಡು" ಅಂತ ನಮ್ಮ ಬೀದಿಯೋಳನ್ನ ಕಂಡ ಹಾಗೆ ಹೇಳೋರು. ವಿಜಯಪ್ರಸಾದ್ ಮುಂದೆ ಸಿನಿಮಾಗೆ ಹೋಗಿ 'ಸಿದ್ಲಿಂಗು' ಮಾಡಿದ್ರು, ಅದರಲ್ಲೂ ಇರೋದು ಒಂದು ಹಳೇ ಕಾರು ಬೇಕು ಅನ್ನೋ ಒಬ್ಬ ಮನುಷ್ಯನ ಹಟ ಅಷ್ಟೇ. ಸಣ್ಣ ಆಸೆ ಇರೋ ಮನುಷ್ಯರನ್ನ ಅವರಷ್ಟು ಪ್ರೀತಿಯಿಂದ ಬರೆಯೋರು ಕನ್ನಡದಲ್ಲಿ ಕಮ್ಮಿ. ಇವತ್ತಿನ ಸೀರಿಯಲ್ ಹೀರೋಗೆ ಸಣ್ಣ ಆಸೆ ಇಟ್ಕೊಳ್ಳೋಕೇ ಬಿಡಲ್ಲ, ಅವನು ಒಂದು ಕಂಪನಿಗೆ ಎಂಡಿ, ಆ ಕಂಪನಿ ಏನು ಮಾಡುತ್ತೆ ಅಂತ ಯಾರಿಗೂ ಗೊತ್ತಿಲ್ಲ, ಫೈಲ್‌ಗೆ ಸೈನ್ ಹಾಕೋದು, "ಡೀಲ್ ಕ್ಯಾನ್ಸಲ್ ಆಗ್ಬಾರ್ದು" ಅನ್ನೋದು, ಮತ್ತೆ ಮನೆಗೆ ಬಂದು ಆ ಅರ್ಧ ವೃತ್ತದಲ್ಲಿ ನಿಲ್ಲೋದು.

ಯಾಕೆ ಹಿಂಗಾಯ್ತು ಅಂತ ಯೋಚನೆ ಮಾಡಿದ್ರೆ ಬರೆಯೋರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ. ವಾರಕ್ಕೆ ಐದು ದಿನ, ಕೆಲವು ಕಡೆ ಆರು ದಿನ, ದಿನಕ್ಕೆ ಅರ್ಧ ಗಂಟೆ, ಜಾಹೀರಾತು ಕಳೆದು ಇಪ್ಪತ್ತು ಚಿಲ್ಲರೆ ನಿಮಿಷ ತುಂಬಿಸ್ಬೇಕು, ಗುರುವಾರ ಬಂತು ಅಂದ್ರೆ ಯಾವುದನ್ನ ಎಷ್ಟು ಜನ ನೋಡಿದ್ರು ಅಂತ ಲೆಕ್ಕ ಹಾಕೋ ಬಾರ್ಕ್ ಸಂಸ್ಥೆಯಿಂದ ಟಿಆರ್‌ಪಿ ಬರುತ್ತೆ, ನಂಬರ್ ಇಳಿದ್ರೆ ಶುಕ್ರವಾರ ಕಥೆ ಬದಲಾಗುತ್ತೆ. ಕಾಮಿಡಿ ಸಂಚಿಕೆ ಅಂದ್ರೆ ಶುರುವಾಗಿದ್ದು ಅವತ್ತೋ ಮಾರನೇ ದಿನವೋ ಮುಗೀಬೇಕು, ನಾಳೆಗೆ ಹೊಸ ಎಡವಟ್ಟು ಹುಡುಕ್ಬೇಕು, ಪ್ರತಿ ದಿನ ಹೊಸ ಎಡವಟ್ಟು ಹುಡುಕೋದು ಅಂದ್ರೆ ಬರೆಯೋನ ತಲೆ ಏನಾಗ್ಬೇಡ. ಕಣ್ಣೀರಿಗೆ ಆ ಕಷ್ಟ ಇಲ್ಲ, ಒಂದು ಗುಟ್ಟು ಇಟ್ರೆ ಒಂದು ವರ್ಷ ಬರುತ್ತೆ. ಮತ್ತೆ ದೊಡ್ಡ ಮನೇಲಿ ಶೂಟಿಂಗೂ ಸುಲಭ, ಕ್ಯಾಮೆರಾ ಓಡಾಡುತ್ತೆ, ಲೈಟ್ ನಿಲ್ಲುತ್ತೆ, ಒಂದೇ ಹಾಲ್‌ನಲ್ಲಿ ಒಂದು ದಿನಕ್ಕೆ ಎಷ್ಟೋ ಸೀನ್ ಎಳೀಬಹುದು. ಇದೆಲ್ಲ ನನಗೆ ಅರ್ಥ ಆಗುತ್ತೆ. ಆದ್ರೂ "ಜನ ದೊಡ್ಡ ಮನೇನೇ ನೋಡೋಕೆ ಇಷ್ಟ ಪಡ್ತಾರೆ" ಅನ್ನೋ ಮಾತನ್ನ ಮಾತ್ರ ನಾನು ಒಪ್ಪಲ್ಲ. 2021ರ ಕೊನೆಗೆ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾಯ್ತಲ್ಲ, ಉಮಾಶ್ರೀ ಅವರು ಹಳ್ಳಿಲಿ ಮೆಸ್ ನಡೆಸೋ ಹೆಂಗಸು, ಮೆಸ್ ಅಂದ್ರೆ ಯಾರು ಬೇಕಾದ್ರೂ ಒಳಗೆ ಬರೋ ಜಾಗ, ಅದು ಟಿಆರ್‌ಪಿಯಲ್ಲಿ ಎಲ್ಲರನ್ನೂ ಹಿಂದೆ ಹಾಕ್ತು. ಉಮಾಶ್ರೀ 'ಗುಲಾಬಿ ಟಾಕೀಸ್'ಗೆ ರಾಷ್ಟ್ರ ಪ್ರಶಸ್ತಿ ತಗೊಂಡ ನಟಿ, ಅದಕ್ಕೂ ಮುಂಚೆ ವರ್ಷಗಟ್ಟಲೆ ನಮ್ಮನ್ನೆಲ್ಲ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿದೋರು. ಅಂಥವರ ಕೈಗೆ ಒಂದು ಸೌಟು ಕೊಟ್ಟು ನಾಲ್ಕು ಜನ ಗಿರಾಕಿಗಳನ್ನ ಕೂರಿಸಿದ್ರೆ ಸಾಕು, ಗಾಜಿನ ದೀಪ ಯಾಕ್ರೀ ಬೇಕು.

'ಮಜಾ ಟಾಕೀಸ್' 2015ರಲ್ಲಿ ಬಂದಾಗ ಜನ ಮುಗಿಬಿದ್ದಿದ್ದೂ ಅದಕ್ಕೇ ಅನ್ನೋದು ನನ್ನ ನಂಬಿಕೆ. ಸೃಜನ್ ಲೋಕೇಶ್ ಅವರ ಆ ಸೆಟ್ ಒಂದು ಮನೆ, ಆ ಮನೆ ಬಾಗಿಲಿಗೆ ಚಿಲಕವೇ ಇಲ್ಲ, ಯಾರು ಬೇಕಾದ್ರೂ ನುಗ್ಬಹುದು. ಅಲ್ಲಿ ವರಲಕ್ಷ್ಮಿ ಆಗಿ ಅಪರ್ಣಾ ಬರ್ತಿದ್ರಲ್ಲ, ಅದನ್ನ ನಾನು ಯಾವತ್ತೂ ಮರೆಯಲ್ಲ. ಪುಟ್ಟಣ್ಣ ಕಣಗಾಲ್ ಅವರ 'ಮಸಣದ ಹೂವು' ಸಿನಿಮಾದಿಂದ ಬಂದೋರು, ನಾಡಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ನಿರೂಪಣೆ ಮಾಡಿದೋರು, ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವ್ದು ಅಂತ ಹೇಳಿದ ದನಿ ಅವರದೇ, ಅಷ್ಟು ಸ್ವಚ್ಛ ಕನ್ನಡ, ಅಷ್ಟು ಗಂಭೀರ, ಆ ಗಾಂಭೀರ್ಯನ ಹಾಗೇ ಇಟ್ಕೊಂಡು ಕಾಮಿಡಿ ಮಾಡೋದು ಅಂದ್ರೆ ಸುಲಭದ ಮಾತಾ? ವರಲಕ್ಷ್ಮಿ ತನ್ನನ್ನ ತಾನೇ ಹೊಗಳ್ಕೊಳ್ಳೋವಾಗ ಒಂದು ಅಕ್ಷರ ಆಚೀಚೆ ಆಗ್ತಿರ್ಲಿಲ್ಲ, ಅದಕ್ಕೇ ಅಷ್ಟು ನಗು ಬರ್ತಿತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಟಿವಿಲಿ ಎಲ್ಲರೂ ಅವರ ನಿರೂಪಣೆ ಬಗ್ಗೆ ಮಾತಾಡಿದ್ರು, ಸರಿಯೇ, ಆದ್ರೆ ಅವರು ಎಂಥ ಹಾಸ್ಯ ನಟಿ ಅನ್ನೋದನ್ನ ಇನ್ನೂ ಜಾಸ್ತಿ ಜನ ಹೇಳ್ಬೇಕಿತ್ತು.

ಬಿಗ್ ಬಾಸ್ ಬಗ್ಗೆ ಒಂದು ಮಾತು. 2013ರಿಂದ ಸುದೀಪ್ ನಡೆಸಿಕೊಡ್ತಿರೋ ಈ ಶೋನ ಜನ ಯಾಕೆ ನೋಡ್ತಾರೆ ಅಂತ ತಲೆ ಕೆಡಿಸ್ಕೊಳ್ಳೋರು ತುಂಬ ಜನ. ವಠಾರ ಸಿಗ್ತಿಲ್ಲ, ಅದಕ್ಕೇ ನೋಡ್ತಾರೆ! ಅಷ್ಟು ಜನಕ್ಕೆ ಒಂದು ಅಡುಗೆಮನೆ, ಪಾತ್ರೆ ಯಾರು ತೊಳೆದ್ರು, ನನ್ನ ಪಾಲಿನ ಚಪಾತಿ ಯಾರು ತಿಂದ್ರು, ಹಾಲು ಎಷ್ಟು ಉಳಿದಿದೆ, ಯಾರು ಬಾತ್‌ರೂಮಲ್ಲಿ ಜಾಸ್ತಿ ಹೊತ್ತು ಇದ್ರು. ನಮ್ಮತ್ತಿಗೆಗೆ ಆ ಶೋನಲ್ಲಿ ಟಾಸ್ಕ್ ಬಂದ್ರೆ ಬೋರು, ಚಪಾತಿ ಜಗಳ ಬಂದ್ರೆ ಎದ್ದು ಕೂರ್ತಾರೆ. ನಾನೂ ಅಷ್ಟೇ. ಕೋಟಿ ಕೋಟಿ ಖರ್ಚು ಮಾಡಿ ಕಟ್ಟಿದ ಮನೇಲಿ ನಾವು ಹುಡುಕೋದು ಒಂದು ಚಪಾತಿನ.

ಸಿನಿಮಾದೋರು ಈ ವಿಷಯದಲ್ಲಿ ಟಿವಿಯೋರಿಗಿಂತ ಮುಂದಿದ್ದಾರೆ. 2023ರಲ್ಲಿ 'ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ' ಬಂತು, ನಿತಿನ್ ಕೃಷ್ಣಮೂರ್ತಿ ನಿರ್ದೇಶನ, ಒಂದು ರಾತ್ರಿ, ಒಂದು ಹಾಸ್ಟೆಲ್, ಒಂದು ವಾರ್ಡನ್ ಹೆಣ, ಆ ಕಾರಿಡಾರ್‌ಗಳಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಓಡಾಡೋದು ನೋಡ್ತಾ ನನಗೆ ಉಸಿರು ಕಟ್ಟೋಷ್ಟು ನಗು ಬಂತು. 2025ರ ಜುಲೈನಲ್ಲಿ 'ಸು ಫ್ರಮ್ ಸೋ' ಬಂತು, ಜೆ.ಪಿ. ತುಮಿನಾಡು ನಿರ್ದೇಶನ, ಕರಾವಳಿಯ ಒಂದು ಊರು, ಅಶೋಕ ಅನ್ನೋ ಹುಡುಗ ಒಂದು ಪೇಚಿಂದ ತಪ್ಪಿಸ್ಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ಮಾಡ್ತಾನೆ, ಅಷ್ಟಕ್ಕೇ ಇಡೀ ಊರು ಅವನ ಮನೆ ಮುಂದೆ ಹಾಜರ್. ದೊಡ್ಡ ಸ್ಟಾರ್ ಇಲ್ಲ, ಫೈಟ್ ಇಲ್ಲ, ಥಿಯೇಟರ್‌ಗೆ ಮೊದಲು ಬಂದಾಗ ಅಷ್ಟೊಂದು ಪ್ರಚಾರವೂ ಇರ್ಲಿಲ್ಲ, ಜನರೇ ಬಾಯಿಂದ ಬಾಯಿಗೆ ಹೇಳಿ ನೂರು ಕೋಟಿ ದಾಟಿಸಿದ್ರು. ಶನೀಲ್ ಗೌತಮ್ ಅವರ ರವಿಯಣ್ಣ ಇದ್ದಾರಲ್ಲ, ಮದುವೆಗೂ ಮುಂದೆ, ಸಾವಿಗೂ ಮುಂದೆ, ದೆವ್ವಕ್ಕೂ ಮುಂದೆ, ಅಂಥ ರವಿಯಣ್ಣ ಪ್ರತಿ ಬೀದಿಲಿ ಇದ್ದಾರೆ, ಹಳೇ ಮೈಸೂರು ಕಡೆ ಹೆಸರು ಬೇರೆ ಅಷ್ಟೇ. ಆ ಊರಲ್ಲಿ ಯಾರ ಮನೆಗೆ ಯಾರು ಹೋಗೋಕೂ ಬೆಲ್ ಒತ್ತಬೇಕಾಗಿಲ್ಲ. ಥಿಯೇಟರಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜ ಒಬ್ಬರು ಮಂಗಳೂರು ಕನ್ನಡ ಅರ್ಧಂಬರ್ಧ ಅರ್ಥ ಆದ್ರೂ ಎಲ್ಲರಿಗಿಂತ ಮುಂಚೆ ನಗ್ತಿದ್ರು.

ವಠಾರಗಳೇ ಇಲ್ವಲ್ಲ, ಚಾಮರಾಜಪೇಟೆ ಮಲ್ಲೇಶ್ವರದಲ್ಲಿ ಎಲ್ಲ ಕೆಡವಿ ಅಪಾರ್ಟ್‌ಮೆಂಟ್ ಮಾಡಿದ್ರು, ಈಗ ಸೀರಿಯಲ್‌ನಲ್ಲಿ ಎಲ್ಲಿಂದ ತರೋದು ಅಂತ ನೀವು ಕೇಳಬಹುದು. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗಿಂತ ದೊಡ್ಡ ವಠಾರ ಬೇಕೇನ್ರೀ? ನಾಯಿ ಲಿಫ್ಟಲ್ಲಿ ಬರ್ಬಹುದಾ ಬರ್ಬಾರ್ದಾ, 204ನೇ ಮನೆಯೋರ ಪಾರ್ಕಿಂಗ್‌ನಲ್ಲಿ ನೆಂಟರ ಕಾರು ಯಾಕೆ ನಿಂತಿದೆ, ಮೇಂಟೆನೆನ್ಸ್ ಕಟ್ಟದವರ ಹೆಸರು ಬೋರ್ಡಿಗೆ ಹಾಕೋದು ಸರೀನಾ. 2024ರ ಮಾರ್ಚಲ್ಲಿ ಬೆಂಗಳೂರಿಗೆ ನೀರಿನ ಕಷ್ಟ ಬಂದಾಗ ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತಲ್ಲ, ಆ ತಿಂಗಳು ಒಂದೊಂದು ಬಿಲ್ಡಿಂಗಲ್ಲೂ ನಡೆದಿದ್ದನ್ನ ಹಾಗೇ ಬರೆದ್ರೆ ನೂರು ಎಪಿಸೋಡ್ ಆಗುತ್ತೆ, ಟ್ಯಾಂಕರ್ ಹಾರ್ನ್ ಕೇಳಿದ ಕೂಡ್ಲೇ ಮೂರನೇ ಮಹಡಿಯ ಮೇಡಂ, ರಿಟೈರ್ಡ್ ಮೇಷ್ಟ್ರು, ಪಿಜಿ ಹುಡುಗರು ಎಲ್ಲ ಒಟ್ಟಿಗೆ ಕೆಳಗೆ. ಪಿಜಿ ಅಂತೂ ಬಿಡಿ, ಬೆಳಿಗ್ಗೆ ಎಂಟಕ್ಕೆ ಬಿಸಿನೀರು ಮುಗಿಯೋದೇ ಒಂದು ಕಥೆ. ಹತ್ತು ತಿಂಗಳ ಅಡ್ವಾನ್ಸ್ ಕೇಳೋ ಓನರ್ ಈಗಲೂ ಇದ್ದಾರೆ, ಬಾಡಿಗೆಗೆ ಬಂದವರಿಗೆ ಕೆಲಸದ ಇಂಟರ್‌ವ್ಯೂಗಿಂತ ಜಾಸ್ತಿ ಪ್ರಶ್ನೆ ಕೇಳೋ ಓನರ್ ಹೆಂಡ್ತಿಯೂ ಇದ್ದಾರೆ.

ಹಾಗಾಗಿ ಚಾನೆಲ್‌ನೋರಲ್ಲಿ ನನ್ನ ಬೇಡಿಕೆ ಇಷ್ಟೇ. ಮೂರು ಮಹಡಿಯ ಒಂದು ಬಿಲ್ಡಿಂಗ್, ಆರು ಮನೆ, ಒಂದು ಸಂಪು, ಒಂದು ಮೋಟ್ರು, ಆ ಮೋಟ್ರು ಸ್ವಿಚ್ ಓನರ್ ಮನೆ ಒಳಗೆ. ಓನರ್ ಪಾತ್ರ ಚಿದಾನಂದ್ ಮಾಡ್ಲಿ, ಪಾಂಡು ಆಗಿ ಅಷ್ಟು ವರ್ಷ ಏಟು ತಿಂದಿದ್ದಾರೆ, ಈಗ ಅವರು ನಾಲ್ಕು ಜನಕ್ಕೆ ಜೋರು ಮಾಡ್ಲಿ. ಅಸೋಸಿಯೇಷನ್ ಸೆಕ್ರೆಟರಿಗೆ ರವಿಶಂಕರ್ ಗೌಡ. ಮೇಲಿನ ಮನೆ ಅಜ್ಜಿಗೆ ಉಮಾಶ್ರೀ, ಅವರಿಗೆ ಮಾತು ಬರೆಯೋದೇ ಬೇಡ, ಬಾಲ್ಕನಿಯಲ್ಲಿ ನಿಲ್ಲಿಸಿ ಸಾಕು. ಶುರುವಾದ ಎಡವಟ್ಟು ಅದೇ ವಾರ ಮುಗೀಬೇಕು, ರಾತ್ರಿ ಎಂಟಕ್ಕೆ ಹಾಕಿ, ಅರ್ಧ ಗಂಟೆ ಸಾಕು, ದಯವಿಟ್ಟು ಭಾನುವಾರ ಎರಡು ಗಂಟೆ ಮಹಾಸಂಚಿಕೆ ಅಂತ ಮಾತ್ರ ಎಳೀಬೇಡಿ.